ಏಳು ಸೆಕೆಂಡು

ಕುಟ್ಟದ ಶಾಲೆ, ಎಡಬದಿಯ ಕೋಣೆ.
ಪಟ್ಟಿಯಲ್ಲಿ: ಬೊಳ್ಳಿ, ಗಂಡ ಮುತ್ತ,
ವಯಸ್ಸು ತೊಂಬತ್ತಮೂರು.
ಶಾಯಿ ಹಚ್ಚಲು ಬೆರಳು ಹಿಡಿದೆ.
ಕಾಫಿ ಕೊಯ್ದು ಕೊಯ್ದು ಕಪ್ಪಾದ ಉಗುರಿನ ಮೇಲೆ
ನನ್ನ ಗೆರೆ ಕಾಣಲೇ ಇಲ್ಲ.

"ಮೊದಲ ಸಲ ತಗಡಿನ ಪೆಟ್ಟಿಗೆ ಸಾರ್,
ಒಬ್ಬೊಬ್ಬರಿಗೆ ಒಂದೊಂದು.
ಗುಡಿಸಲಿನ ಚಿತ್ರ ಇದ್ದದ್ದಕ್ಕೆ ಹಾಕಿದೆ,
ನನಗಿಲ್ಲದ್ದು ಅದೇ ಅಲ್ವಾ."
ಸೋತಿತಂತೆ ಗುಡಿಸಲು.

ಆಮೇಲೆ ಮುದ್ರೆ ಬಂತು, ಮಡಿಸುವ ಕಾಗದ ಬಂತು,
ಈಗ ಗುಂಡಿ.
ಆಗ ಕೊಡಗಿಗೇ ಲೋಕಸಭೆಯಲ್ಲಿ ಒಂದು ಕುರ್ಚಿ;
ಯಾರೋ ನಕ್ಷೆಯ ಮೇಲೆ ಗೆರೆ ಎಳೆದು ನಮ್ಮನ್ನು
ಮಂಗಳೂರಿನ ಕಡಲಿಗೆ ಕಟ್ಟಿದರು,
ಬಿಚ್ಚಿ, ಮೈಸೂರಿಗೆ ಕಟ್ಟಿದರು.
ಬೊಳ್ಳಿ ಮಾತ್ರ ಅದೇ ಲೈನ್‌ಮನೆ,
ಪೈಸಾರಿಗೆ ಕೊಟ್ಟ ಅದೇ ಅರ್ಜಿ.
ಕಡಲನ್ನು ಕಂಡವಳಲ್ಲ.

ಗಾಜಿನೊಳಗೆ ಚೀಟಿ ಏಳು ಸೆಕೆಂಡು ಬೆಳಗಿ
ಕೆಳಗೆ ಬಿದ್ದಿರಬೇಕು:
ಬೀಪ್ ಎಂದಿತು.

ರಟ್ಟಿನ ಮರೆಯಿಂದ ಅವಳು ಬರಲಿಲ್ಲ.
"ಅಜ್ಜಿ, ಆಯ್ತು."
"ಚೀಟಿ ಕೊಡಿ ಸಾರ್.
ಸರ್ಕಾರ ನನಗೆ ಅಂತ ಬರೆದ ಕಾಗದ
ಇದೊಂದೇ."

ಅದರಲ್ಲಿ ಅವಳ ಹೆಸರಿಲ್ಲ
ಎಂದು ಹೇಗೆ ಹೇಳಲಿ.
ಚಾಚಿದ ಕೈ ಹಾಗೇ ಇತ್ತು.
ಹೊರಗೆ ಸಾಲು ಕೆಮ್ಮಿತು.