ಕೆಮ್ಮಣ್ಣಿನ ಗೆರಿ

ಪಂಚಾಯ್ತಿ ಕಂಪ್ಯೂಟರಿನಾಗ ಕ್ರಿಯಾ ಯೋಜನೆಗೆ
ಹದಿನೇಳು ಕಾಲಂ ಅದಾವ.
ಗಟಾರು, ಸಿಸಿ ರಸ್ತೆ, ಬೀದಿದೀಪ, ಬೋರು.
ಹೊಳಿಗೆ ಕಾಲಂ ಇಲ್ಲ.
ಒಂಬತ್ತು ವರ್ಷ ನಾನಽ ತುಂಬೀನಿ,
ಬೀಬಿಜಾನ ನದಾಫ, ಡಾಟಾ ಎಂಟ್ರಿ,
ಘಟಪ್ರಭೆಯ ದಂಡಿ, ಮುಧೋಳ ತಾಲೂಕು.

ಈ ಸಲ ಸಾಹೇಬ್ರು ಅಂದ್ರು:
ಮೊದಲ ಊರಾಗ ಅಡ್ಡಾಡಿ ಬರ್ರಿ,
ನೀರು ಎಲ್ಲೀತನಕ ಬಂದಿತ್ತು ಕೇಳಿ ಗೆರಿ ಎಳೀರಿ,
ಆಮ್ಯಾಲ ಯೋಜನಾ.
ಬಾಗಲಕೋಟಿಂದ ಬಂದ ಹುಡುಗಿ ನಕಾಶೆ ಹಾಸಿದಳು.
ನೀಲಿ ಬಣ್ಣ ಅಗಸೀತನಕ ಬಂದು ನಿಂತಿತ್ತು
ಚಪ್ಪಲಿ ಕಳದು, ಕರೀಲಿ ಅಂತ ಕಾಯೋ ಬೀಗರಂಗ.

ಅಂಬಿಗೇರ ದುರಗಪ್ಪ ನಕ್ಕ.
"ತಂಗೀ, ಹೊಳಿ ಅಗಸ್ಯಾಗ ಹಾಸಿ ಬರೂದುಲ್ಲ.
ಹಿಂದಿನ ಹಳ್ಳ ಹಿಡದು ಏರತೈತಿ, ಸಪ್ಪಳಿಲ್ಲದ.
ನಾವು ಮುಂಚಿಬಾಗಲಾ ಕಾಯಕೋತ ಕುಂತಿರತೀವಿ,
ಹಿತ್ತಲದಾಗ ಎಮ್ಮಿ ಈಜಾಕ ಹತ್ತಿರತಾವ."
ಹುಡುಗಿ ಪೆನ್ಸಿಲ್ ತಗದು ಹಳ್ಳ ಎಲ್ಲಿ ಅಂದಳು.
ನಕಾಶದಾಗ ಹಳ್ಳ ಇರಲಿಲ್ಲ.

ತಂಬಿಗ್ಯಾಗ ಕೆಮ್ಮಣ್ಣು ಕಲಸಿಕೊಂಡು ಹೊಂಟ್ವಿ.
ಒಬ್ಬೊಬ್ಬರ ನೆನಪು ಒಂದೊಂದು ಎತ್ತರ.
ಲಗಮವ್ವ ಎದಿ ಮುಟ್ಟಿ ತೋರಿಸಿದಳು,
ಮೆಂಬರ ಮಾಲಿಂಗಪ್ಪ ಮಳಕಾಲ.
(ಅಲ್ಲೇ ಅವನ ನಾಕು ಪ್ಲಾಟು ಅದಾವ, ಮಾರಾಕಿಟ್ಟದ್ದು.)
ಗೋಡಿ ಯಾರ ಪಾರ್ಟೀದೂ ಅಲ್ಲ.
ಮೂರು ಸಲ ಸುಣ್ಣ ಬಳದ್ರೂ ಒಳಗಿನ ತೇವದ ಕಲಿ
ಲಗಮವ್ವನ ಎದೀಮಟಾನ ಬಂದು ನಿಂತಿತ್ತು.
ಅಲ್ಲೇ ಎಳದೆ.

ಹಿಟ್ಟಿನ ಗಿರಣಿ. ರೇಷನ್ ಅಂಗಡಿ. ಮಸೂತಿ ಕಟ್ಟಿ.
ಕರೆಂಟಿನ ಡಬ್ಬಿ ಮುಂದ ಲಗಮವ್ವ ನಿಂತಳು:
"ಮೊದಲ ಇದು ಹೋತು. ಆಮ್ಯಾಲ ಮೊಬೈಲ್.
ಡ್ಯಾಮಿನ ಗೇಟ್ ತಗದಾರ ಅನ್ನೂ ಮೆಸೇಜು
ಎರಡು ದಿನದ ಮ್ಯಾಲ ಬಂತವ್ವ,
ಗಂಜಿ ಕೇಂದ್ರದಾಗ ಚಾರ್ಜಿಗೆ ಹಚ್ಚಿದಾಗ."

ಹಳ್ಳದ ದಂಡಿಗೆ ಹೊಸ ಅಂಗನವಾಡಿ,
ಸರಕಾರಿ ಜಾಗ, ಬಿಟ್ಟಿ.
ಪಾಯಾಕ್ಕ ಸುಣ್ಣ ಹಾಕಿ ಆಗಿತ್ತು.
ಗೆರಿ ಎಳೀಬೇಕಂದ್ರ ಗೋಡಿ ಇಲ್ಲ, ಒಂದು ಬೇವಿನ ಗಿಡ.
ದುರಗಪ್ಪ ಕೊಂಬಿಯ ಕಡೆ ಬಟ್ಟ ಮಾಡಿದ:
ಹಗ್ಗ ತಿಕ್ಕಿದ ಗಾಯ, ತೊಗಟಿ ಇನ್ನೂ ಕೂಡಿಲ್ಲ.
"ಹರಗೋಲು ಇಲ್ಲೇ ಕಟ್ಟಿದ್ದೆ."
ಕುರ್ಚಿ ಮ್ಯಾಲ ನಿಂತ್ರೂ ನನ್ನ ಕೈ ನಿಲುಕಲಿಲ್ಲ.

ಆಯಾ ಕಸ್ತೂರೆವ್ವ ಏನಂದುಕೊಂಡಳೋ,
ಒಂದು ಕೂಸಿನ ಕರದು ಗಿಡಕ್ಕ ಆನಿಸಿ ನಿಲ್ಲಿಸಿ
ನನ್ನ ಬ್ರಶ್ಶು ಇಸಗೊಂಡು ನೆತ್ತಿ ಮ್ಯಾಲ ಎಳದಳು.
ಎರಡರ ನಡುವ ಒಂದಾಳು ಮಿಕ್ಕು.
ಯಾರೂ ಮಾತಾಡಲಿಲ್ಲ.
ಕೂಸು ಕೂದಲದಾಗಿನ ಮಣ್ಣು ಝಾಡಿಸಿ
"ಆತೇನ್ರಿ?" ಅಂತು.

ಗ್ರಾಮಸಭಾದಾಗ ಮಡ್ಡಿ ಮ್ಯಾಲ ಕಟ್ಟೂದಂತ ಠರಾವು ಬಂತು.
ತಾಯಂದ್ರಽ ಎದ್ದು ನಿಂತ್ರು:
ಮಡ್ಡಿ ಮ್ಯಾಲ ಒಂದು ಗಿಡ ಇಲ್ಲ,
ಏಪ್ರಿಲ್ದಾಗ ಪತ್ರಾ ಕಾದ್ರ ಕೂಸು ಸುಟ್ಟು ಹಪ್ಪಳ,
ನೀರಿನಿಂದ ತಗದು ಬೆಂಕ್ಯಾಗ ಇಡ್ತೀರೇನು?
ಸಾಹೇಬ್ರು ಬರದದ್ದು ಹೊಡದು ಹಾಕಿ ಮತ್ತ ಬರದ್ರು.
ಈ ಮಳಿಗಾಲಕ್ಕ ಗಿಡ. ಬರೂ ವರ್ಷ ಗೋಡಿ. ಪತ್ರಾ ಬ್ಯಾಡ.
ಮಾಲಿಂಗಪ್ಪ ಸಹಿ ಮಾಡಲಿಲ್ಲ.
ಮರುದಿನ ನೋಡಿದ್ರ ಅವನ ಪ್ಲಾಟಿನ ಕಂಪೌಂಡಿನಾಗ
ಗೆರಿ ತೊಳದಿದ್ದ.
ಕೆಮ್ಮಣ್ಣು ಹೋಗಿತ್ತು, ಕಲಿ ಹಂಗಽ ಇತ್ತು.

ಈಗ ರಾತ್ರಿ ಎಂಟು. ನಾಳೆ ಕಡೀ ದಿನ.
ಪಂಚಾಯ್ತಿ ಗೋಡಿಗೂ ಗೆರಿ ಎಳದೀನಿ,
ಕಪಾಟಿನ ಎರಡನೇ ಖಾನೆಕ್ಕ ಬಂದೈತಿ.
ಜನನ ಮರಣದ ಪುಸ್ತಕ ಮ್ಯಾಲಿಟ್ಟೆ,
ತೆರಿಗೆ ಬಾಕಿ ಪುಸ್ತಕ ಅಲ್ಲೇ ಬಿಟ್ಟೆ.
ಹದಿನೇಳನೇ ಕಾಲಂ: ಇತರೆ.
ಐವತ್ತು ಅಕ್ಷರ ಅಷ್ಟಽ ಹಿಡಿತದ.
ಬೇವಿನ ಗಿಡದ ಸುದ್ದಿ ಹೊಡದೆ,
ಹರಗೋಲಿನ ಹಗ್ಗ, ಕೂಸಿನ ನೆತ್ತಿ,
ಹಳ್ಳ ಹಿಂದಿನಿಂದ ಏರೂದು. ಎಂಟರ್ ಒತ್ತಿದೆ.
ಅರ್ಧಕ್ಕ ಕತ್ತರಿಸಿ ತಗೊಂತು.
ಮತ್ತ ಹೊಡ್ಯಾಕ ಹತ್ತೀನಿ, ಗುಂಡಿ ತಗದು
ಸಸಿ ಎಣಿಸಿದಂಗ
ಒಂದೊಂದ ಅಕ್ಷರ ಎಣಿಸಿ.