ದುರಸ್ತಿ ಖಾತೆ

ಬಿಲ್ಲು ನಾಲ್ಕು ಸಾವಿರದ ಎಂಟುನೂರ ಅರವತ್ತು.
ಬಿಜೈಯ ಡಾಕ್ಟರಮ್ಮನ ದುಂಡು ಅಕ್ಷರ,
ಮೂರು ತಿಂಗಳ ಮಾತ್ರೆ; ಹೆಸರು ಬಿಂದು,
ವಯಸ್ಸು ಆರೂವರೆ, ತಳಿ ಲ್ಯಾಬ್ರಡಾರ್.
ನಮ್ಮ ನಮೂನೆಯಲ್ಲಿ ಒಂಬತ್ತನೆಯ ಕಾಲಂ: ಗಾಯದ ಸ್ಥಳ.
ಅಲ್ಲಿ ಹೆಡ್ ಕಾನ್‌ಸ್ಟೇಬಲ್ ವಾಮನ ಸಾಲಿಯಾನರು
'ತಲೆ' ಎಂದು ಬರೆದು, ಹೊಡೆದುಹಾಕಿ,
'ಮೇಗಿನಪದವು' ಎಂದು ಬರೆದಿದ್ದರು.

ನಾನು ಕೆಂಪು ಶಾಯಿಯಲ್ಲಿ ಆಕ್ಷೇಪಣೆ ಹಾಕಿದೆ.
ಇಪ್ಪತ್ತೆರಡು ವರ್ಷದ ಅಭ್ಯಾಸ, ಕೈ ತಾನಾಗಿ ಹೋಗುತ್ತದೆ.
ಕಾಲು ಮುರಿದರೆ ಖಾತೆ ಉಂಟು, ಉಣ್ಣಿಗೆ ಉಂಟು,
ಚುಚ್ಚುಮದ್ದಿಗೆ ಉಂಟು.
ಹೆದರಿಕೆಗೆ ಇಲ್ಲ.

ಮರುದಿನ ಅವರು ಬಿಂದುವನ್ನೇ ಕರಕೊಂಡು ಬಂದರು.
ಬಂದದ್ದೇ ನನ್ನ ಮೇಜಿನೆದುರು ಕೂತುಬಿಟ್ಟಿತು,
ಕಿವಿ ಹಿಂದೆ, ಬಾಲ ನೆಲಕ್ಕೆ ಒತ್ತಿ.
"ಲಕ್ಕ್ ಮಗಾ, ಲಕ್ಕ್" ಎಂದರು. ಏಳಲಿಲ್ಲ.
"ಕೂತರೆ ಅಡಿಯಲ್ಲಿ ಉಂಟು ಅಂತ ಅರ್ಥ ಮೇಡಂ,
ನಾವೇ ಕಲಿಸಿದ್ದು."
ನಾನು ಕಾಲು ಮೇಲೆತ್ತಿಕೊಂಡೆ.

ಗುಡ್ಡ ಜರಿದ ಆ ಮೂರು ದಿನ
ಮುರಕಲ್ಲಿನ ಕೆಸರಲ್ಲಿ ಅದು ಹದಿನಾಲ್ಕು ಸಲ ಕೂತಿತ್ತಂತೆ.
ಹದಿನಾಲ್ಕು ಸಲವೂ ಅಗೆದರು.
ಪಂಚನಾಮೆಯಲ್ಲಿ ಎಂಟೇ ಹೆಸರು.
ಲೆಕ್ಕ ತಾಳೆಯಾಗುವುದಿಲ್ಲವಲ್ಲ, ಎಂದೆ.
ಸಾಲಿಯಾನರು ಕಿಟಕಿಯ ಕಡೆ ನೋಡಿದರು:
"ಎಲ್ಲರೂ ಇಡಿಯಾಗಿ ಸಿಗಲಿಲ್ಲ."

ಈಗ ಊರಿಡೀ ಅಗೆದು ಹಾಕಿದ್ದಾರೆ, ಚರಂಡಿಗೆ, ಕೇಬಲ್ಲಿಗೆ,
ಕೆಂಪು ಮಣ್ಣು ಕಂಡಲ್ಲೆಲ್ಲ ಕೂರುತ್ತದೆ.
ಬಂಟ್ಸ್ ಹಾಸ್ಟೆಲ್ ಸರ್ಕಲ್ಲಿನಲ್ಲಿ ಅರ್ಧ ಗಂಟೆ,
ಹಿಂದೆ ಸಿಟಿ ಬಸ್ಸುಗಳ ಹಾರನ್ನು.
ಜೆಸಿಬಿ ಸದ್ದಿಗೆ ಉಚ್ಚೆ ಹೊಯ್ದುಕೊಳ್ಳುತ್ತದೆ.
ಮೂರು ದಿನದಲ್ಲಿ ಒಬ್ಬನೂ ಎದ್ದು ತಲೆ ಸವರಲಿಲ್ಲ ನೋಡಿ,
ತನ್ನದೇ ತಪ್ಪು ಅಂದುಕೊಂಡಿದೆ ಅಂತಾರೆ ಡಾಕ್ಟ್ರು.

"ನಿಮಗೆ ನಿದ್ದೆ ಬರ್ತದಾ?" ಎಂದು ಕೇಳಿದೆ, ಸುಮ್ಮನೆ.
ಅವರು ನಕ್ಕರು.
"ಅದೇ ಬಿಲ್ಲಿನಲ್ಲಿ ನನ್ನದೂ ಸೇರಿಸಲಿಕ್ಕೆ ಆಗ್ತದಾ?"
ಮತ್ತೆ ಬೇಗ, "ಬೇಡ, ಬೇಡ. ಜೂನಿನಲ್ಲಿ ಪ್ರಮೋಷನ್ ಉಂಟು."

ಕಡತ ಮೇಲೆ ಹೋಯಿತು, ಕೆಳಗೆ ಬಂದಿತು.
ಒಬ್ಬರ ಷರಾ: ಗುಡ್ಡ ಕಡಿಸಿದ ಬಿಲ್ಡರಿನಿಂದ ವಸೂಲು ಮಾಡಬಹುದೇ?
ಬಿಲ್ಡರ್ ಜಾಮೀನಿನ ಮೇಲಿದ್ದಾನೆ, ದುಬೈಯಲ್ಲಿದ್ದಾನೆ.
ಇನ್ನೊಬ್ಬರದು: ಪಾಲಕರೇ ಭರಿಸತಕ್ಕದ್ದು.
ಪಾಲಕರು ಎರಡು ಚೀಟಿ ಮುರಿದಾಗಿದೆ.
ಮೂರನೆಯ ಷರಾ: ಸದರಿ ಪ್ರಾಣಿ ಯಾರದು?

ದಾಸ್ತಾನು ಪುಸ್ತಕ ತೆಗೆದೆ. ಪುಟ ನಲವತ್ತೊಂದು:
ಜೀಪು, ಜನರೇಟರ್, ಲಾಠಿ ನೂರಿಪ್ಪತ್ತು,
ನಾಯಿ, ಹೆಣ್ಣು, ಒಂದು. ಸರಕಾರದ ಸೊತ್ತು.
ಸೊತ್ತು ಎಂದಮೇಲೆ ಸವೆತ ಉಂಟು.
ಸವೆತ ಉಂಟಾದರೆ ದುರಸ್ತಿ ಉಂಟು.
ಜೀಪಿನ ಕ್ಲಚ್ ಪ್ಲೇಟಿನ ಕೆಳಗಿನ ಸಾಲಿನಲ್ಲಿ
ಬಿಂದುವಿನ ಹೆದರಿಕೆಯನ್ನು ಬರೆದು, ಪಾಸು ಮಾಡಿದೆ.
ಸರ್ವಿಸಿನಲ್ಲಿ ನಾನು ಹೇಳಿದ ಮೊದಲ ಸುಳ್ಳು,
ಅದೂ ಪೂರ್ತಿ ಸುಳ್ಳಲ್ಲ.

ಔಷಧಿ ಚೀಟಿಯ ಕೊನೆಗೆ ಒಂದು ಸಾಲು, ಅದಕ್ಕೆ ದರ ಇಲ್ಲ:
ದಿನಾ ಸಂಜೆ ಜೀವಂತ ಮನುಷ್ಯನೊಬ್ಬ ಅಡಗಬೇಕು, ಸಿಗಬೇಕು.
ಪೆರೇಡ್ ಮೈದಾನದಲ್ಲಿ, ನೀರಿನ ಟ್ಯಾಂಕಿಯ ಹಿಂದೆ
ಸಾಲಿಯಾನರ ಮಗ ಪ್ರಥ್ವಿ, ಏಳನೇ ಕ್ಲಾಸು,
ಟ್ಯೂಷನ್ ಬಿಟ್ಟು ಗೋಣಿ ಹೊದ್ದು ಮಲಗುತ್ತಾನೆ.

ಈಗ ಲೆಕ್ಕಪರಿಶೋಧನೆಯವರು ಬಂದಿದ್ದಾರೆ.
ಪ್ರಶ್ನೆ ಹದಿನೇಳು: ದುರಸ್ತಿಯಾದ ವಸ್ತು
ಮೊದಲಿನಂತೆ ಕೆಲಸ ಮಾಡುತ್ತಿದೆಯೇ?

ನಿನ್ನೆ ನೋಡಲು ಹೋಗಿದ್ದೆ, ಆಫೀಸು ಬಿಟ್ಟಮೇಲೆ.
ಬಿಂದು ಮೂಗು ನೆಲಕ್ಕಿಟ್ಟು ಟ್ಯಾಂಕಿಗೆ ಸುತ್ತು ಹಾಕಿತು,
ಗೋಣಿ ಕಂಡಿತು, ನಿಂತಿತು.
ಕೂರಲಿಲ್ಲ.
ಹುಡುಗ ನಗು ತಡೆಯಲಾರದೆ ಕೆಮ್ಮಿದ.

ಎಲ್ಲ ಪ್ರಶ್ನೆಗೂ ಉತ್ತರ ಟೈಪಾಗಿದೆ.
ಹದಿನೇಳರ ಎದುರು ಜಾಗ ಬಿಟ್ಟಿದ್ದೇನೆ.