ಮೂರನೇ ಕಾಲಂ

ನನ್ನ ಕೆಲಸ ಇಷ್ಟೇ: ಮೀನು ಯಾವ ಕಡೆ ತಿರುಗಿತು, ಬರೆಯುವುದು.
ಗಾಜಿನ ಉದ್ದನೆ ಓಣಿ, ಕೊನೆಗೆ ಸರಳುಗಳ ತಡೆ,
ತಡೆಯಾಚೆ ಬಾಯಿ ತೆರೆದ ರಬ್ಬರಿನ ಹಿರಿಮೀನು.
ಮಳೆಬಿಲ್ಲು ಮೀನು ಓಣಿಗುಂಟ ಬರುತ್ತದೆ,
ನಿಲ್ಲುತ್ತದೆ,
ಒಂದು ಕಣ್ಣು ರಾಕ್ಷಸನ ಮೇಲಿಟ್ಟು
ಬಳಸಿಕೊಂಡು ಹೋಗುತ್ತದೆ.
ಎಡ. ಎಡ. ಬಲ. ಎಡ.
ವೊಲಂಗಾಂಗಿನಲ್ಲಿ ಜುಲೈ ಚಳಿ, ಕಿಟಕಿಯಾಚೆ ಬೆಟ್ಟಕ್ಕೆ ಮಂಜು,
ಒಳಗೆ ಇಪ್ಪತ್ತಾರು ಡಿಗ್ರಿಯ ನೀರು,
ಮೊಣಕೈವರೆಗೆ ಪಾಚಿಯ ವಾಸನೆ.

ಬ್ರಾನ್ವಿನ್ ಹೇಳುತ್ತಾಳೆ, ಪ್ರಯೋಗಾಲಯದ ಒಡತಿ,
ಇದು ಮೀನಿಗಷ್ಟೇ ಬಂದದ್ದಲ್ಲ.
ಕೋಳಿಮರಿ ಕಾಳು ಹುಡುಕುವುದು ಬಲಗಣ್ಣಿಂದಂತೆ,
ಗಿಡುಗನನ್ನು ಕಾಯುವುದು ಎಡಗಣ್ಣಿಂದ.
ಕಾಂಗರೂ ಎಲೆ ಕೀಳುವುದು, ಮೂಗು ಒರೆಸಿಕೊಳ್ಳುವುದು
ಹೆಚ್ಚಾಗಿ ಎಡಗೈಯಲ್ಲಿ.
ಯಾಕೆ ಎಂದೆ. ಅರ್ಧ ಗೊತ್ತು ಎಂದಳು.
ಎರಡು ಕಣ್ಣು ಎರಡು ಕೆಲಸ ಹಂಚಿಕೊಂಡರೆ
ಉಣ್ಣುತ್ತಲೇ ಬದುಕಿಯೂ ಇರಬಹುದು.

ಅವಳಿಗೆ ಹೇಗೆ ಹೇಳಲಿ,
ನಮ್ಮ ಮಾತಿನಲ್ಲಿ ಬಲ ಅಂದರೆ ಶಕ್ತಿಯೂ ಹೌದು,
ಎಡ ಅಂದರೆ ಕಿವಿಗೆ ಬೀಳುವುದು
ಎಡವುವುದು, ಎಡವಟ್ಟು, ಎಡಬಿಡಂಗಿ.
ಬಾಯಿ ಬಿಡುವ ಮೊದಲೇ ತಕ್ಕಡಿ ವಾಲಿರುತ್ತದೆ.
ರಾಣೆಬೆನ್ನೂರು, ಮೆಡ್ಲೇರಿ ರಸ್ತೆ, ಮಹಡಿ ಮೇಲಿನ ಬಾಡಿಗೆ ಮನೆ:
ಗಿರಿಜವ್ವ ಚಿಗವ್ವ ನನ್ನ ಎಡಗೈಗೆ
ಕಾಕಾನ ಹಳೇ ಕಾಲುಚೀಲ ತೊಡಿಸಿ
ಮಣಿಕಟ್ಟಿಗೆ ಲಾಡಿ ಬಿಗಿದು
ತಾಟಿನ ಮುಂದೆ ಕೂರಿಸುತ್ತಿದ್ದಳು.
'ಆ ಕೈ ತೊಳ್ಯಾಕ, ಈ ಕೈ ಉಣ್ಣಾಕ.'
ಮೂರು ತಿಂಗಳಿಗೆ ಕೈ ಕಲಿಯಿತು.
ಯಾವ ಕೈ, ಏನು ಕಲಿಯಿತು, ಯಾರೂ ಬರೆದಿಡಲಿಲ್ಲ.
ಚಿಗವ್ವ ಕೆಟ್ಟವಳಲ್ಲ.
ಯಾರದೋ ಮದುವೆಯ ಪಂಕ್ತಿಯಲ್ಲಿ ಯಾರೋ ನಕ್ಕಿದ್ದರು,
ಆ ನಗೆಗೆ ಹೆದರಿದ್ದಳು.

ಬುಧವಾರ ರಬ್ಬರಿನ ಮೀನು ತೆಗೆದೆವು.
ಅದೇ ಓಣಿ, ಅದೇ ಸರಳು, ಆಚೆ ಬರೀ ನೀರು.
ನಲವತ್ತರಲ್ಲಿ ಹತ್ತೊಂಬತ್ತು ಎಡ, ಇಪ್ಪತ್ತು ಬಲ,
ನಾಣ್ಯ ಚಿಮ್ಮಿದ ಹಾಗೆ.
ಹಾಗಾದರೆ ಕಡೆ ಇರುವುದು ಹೆದರಿಕೆಗೆ, ಮೀನಿಗಲ್ಲ, ಎಂದೆ.
ಅಷ್ಟು ಅವಸರ ಬೇಡ,
ಇನ್ನೂರು ಆಗಲಿ ಎಂದಳು ಬ್ರಾನ್ವಿನ್.

ಉಳಿದ ಒಂದು, ಹದಿನೇಳನೇ ತೊಟ್ಟಿಯ ಹೆಣ್ಣು.
ರಾಕ್ಷಸ ಇರಲಿ, ಬಿಡಲಿ,
ಅದು ತಡೆಯ ಮುಂದೆ ಬಂದು ನಿಲ್ಲುತ್ತದೆ,
ಕಿವಿರು ಆಡಿಸುತ್ತ, ಬೇರೇನೂ ಮಾಡದೆ,
ಸ್ಟಾಪ್‌ವಾಚಿನಲ್ಲಿ ಐದು ನಿಮಿಷ ಮುಗಿಯುವ ತನಕ.
ಅದಕ್ಕೆಂದೇ ಹಾಳೆಯಲ್ಲಿ ಮೂರನೇ ಕಾಲಂ: ತಿರುಗಲಿಲ್ಲ.
ಕೂಡುವಾಗ ಆ ಕಾಲಂ ಬಿಡುತ್ತೇವೆ.

ನಿನ್ನೆ ಎತ್ತುವಾಗ ಅದು ಬಲೆಯಿಂದ ಜಿಗಿಯಿತು.
ಮೀನು ಗಾಳಿಯಲ್ಲಿ. ಕೆಳಗೆ ಸಿಮೆಂಟು.
ನೋಡಿದರೆ ಅದು ಎಡ ಅಂಗೈಯಲ್ಲಿತ್ತು,
ಅರ್ಧ ಬೊಗಸೆಯಲ್ಲಿ, ಹೊಳೆಯುತ್ತ, ಬಡಿದುಕೊಳ್ಳುತ್ತ.
'ನೀನು ಎಡಗೈಯವಳಾ?'
'ಅಲ್ಲ' ಎಂದೆ, ಕೇಳಿ ಮುಗಿಸುವ ಮೊದಲೇ.
'ಬಲಗೈಯಲ್ಲಿ ಬಲೆ ಇತ್ತು.'
ಬ್ರಾನ್ವಿನ್ ನೆಲ ನೋಡಿದಳು.
ಬಲೆ ಅಲ್ಲಿ ಬಿದ್ದಿತ್ತು, ನೀರು ಸೋರುತ್ತ.
ಅವಳು ಏನೂ ಅನ್ನಲಿಲ್ಲ. ಎತ್ತಿ ಗೂಟಕ್ಕೆ ಹಾಕಿದಳು.

ಸಂಜೆ ಸ್ಟೇಷನ್ನಿನ ಕಸದ ಡಬ್ಬಿ ಮೇಲೆ
ಹಳದಿ ಜುಟ್ಟಿನ ಕಾಕಟೂ,
ಎಡಗಾಲಲ್ಲಿ ಪಿಜ್ಜಾದ ತುದಿ ಹಿಡಿದು
ದೊಡ್ಡ ಮನುಷ್ಯರ ಹಾಗೆ ತಿನ್ನುತ್ತಿತ್ತು.
ನಾನು ನೋಡಿದ್ದಕ್ಕೆ ನನ್ನನ್ನು ಬೈಯಿತು.

ಥಿರೂಲ್ ಕಡೆ ಹೋಗುವ ರೈಲು ಬಂತು.
ಬಲಕ್ಕೆ ಕೂತರೆ ಕಡಲು, ಎಡಕ್ಕೆ ಬೆಟ್ಟ.
ಬಾಗಿಲ ಒಳಗೆ ಕಾಲಿಟ್ಟು ಅಲ್ಲೇ ನಿಂತೆ.
ಹಿಂದಿನವರು ಸಾರಿ ಸಾರಿ ಎನ್ನುತ್ತ
ನನ್ನನ್ನು ಬಳಸಿಕೊಂಡು ಹೋದರು,
ಒಬ್ಬ ಎಡಕ್ಕೆ, ಇಬ್ಬರು ಬಲಕ್ಕೆ,
ಸ್ಕೂಲ್ ಚೀಲದ ಹುಡುಗಿಯೊಬ್ಬಳು ಎಡಕ್ಕೆ.
ಎಣಿಸುತ್ತಾ ಇದ್ದೆ.